ಇದರಲ್ಲಿ ನಿಮ್ದು ಯಾವುದು?

ಈ ಸಲದ ಕಾರ್ಯಕ್ರಮದಲ್ಲಿ ನನ್ನ ಹೆಂಡತಿಗೆ ನನ್ನ ಸದ್ದು ಕೇಳಿಸದಿದ್ದರೆ, ನನ್ನ ಗಿಟಾರನ್ನು ಬಟ್ಟೆ ನೇತುಹಾಕುವ ಗೂಟ ಮಾಡಿಬಿಡುತ್ತೇನೆ! ಈ ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಬಚ್ಚಲುಮನೆಯಲ್ಲಿ. ಸಾಕ್ಷಿಗೆ ಒಂದು ಬಕೆಟ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆದರೂ ಪ್ರತಿಜ್ಞೆ ಪ್ರತಿಜ್ಞೆಯೇ.

ನಾನು ಬೇಸ್ ಗಿಟಾರ್ ನುಡಿಸುವವನು. ಮದುವೆ ಆರತಕ್ಷತೆಯಿಂದ ಕಂಪನಿಗಳ ವಾರ್ಷಿಕೋತ್ಸವದವರೆಗೆ ಎಲ್ಲಿ ಕರೆದರೂ ಹೋಗುತ್ತೇನೆ. ವೇದಿಕೆಯ ಮೇಲೆ ಗಾಯಕಿ ಕುಣಿಯುತ್ತಿರುತ್ತಾಳೆ, ಡ್ರಮ್ಮಿನವನು ಹಳೇ ದ್ವೇಷ ತೀರಿಸಿಕೊಳ್ಳುವವನ ಹಾಗೆ ಬಡಿಯುತ್ತಿರುತ್ತಾನೆ. ಇವರ ಹಿಂದೆ ಅರ್ಧ ಕತ್ತಲಲ್ಲಿ, ಲೈಟು ರಿಪೇರಿಗೆ ಬಂದವನಂತೆ ಒಬ್ಬ ನಿಂತಿರುತ್ತಾನಲ್ಲ, ಅವನೇ ನಾನು. ನನ್ನ ಗಿಟಾರಿಗೆ ದಪ್ಪನೆಯ ನಾಲ್ಕೇ ತಂತಿ. ಅದರ ಸ್ವರ ಹಾಡಿನ ಅಡಿಪಾಯ. ಅಡಿಪಾಯ ನೋಡಲು ಯಾರೂ ಮನೆಗೆ ಬರುವುದಿಲ್ಲ ಎಂಬುದೇ ನನ್ನ ಬದುಕಿನ ದುಃಖ.

ಊರಿನವರ ಮಾತು ಬಿಡಿ. ನನ್ನನ್ನು ಕೊರೆಯುತ್ತಿದ್ದದ್ದು ಮನೆಯವಳ ಮಾತು. ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ನಾನು ಕೇಳುತ್ತೇನೆ, "ಹೇಗಿತ್ತೇ?"

"ತುಂಬಾ ಚೆನ್ನಾಗಿತ್ತು ರೀ. ಅದ್ರಲ್ಲಿ ನಿಮ್ದು ಯಾವುದು?"

ಮದುವೆಯಾದಾಗಿನಿಂದ ಇದೇ ಪ್ರಶ್ನೆ! ಅವಳು ಆಸ್ಪತ್ರೆಯಲ್ಲಿ ನರ್ಸು. ಎದೆಯ ಮೇಲೆ ಕೊಳವೆಯಿಟ್ಟು ಕೇಳಿದರೆ ಒಳಗಿನ ಸಣ್ಣ ಗೊರಗೊರವೂ ಅವಳಿಗೆ ಗೊತ್ತಾಗುತ್ತದೆ. ಗಂಡನ ಗಿಟಾರ್ ಮಾತ್ರ ಗೊತ್ತಾಗುವುದಿಲ್ಲ. ಹೇಗೆ ಗೊತ್ತಾಗಬೇಕು? ಎರಡನೇ ಹಾಡಿಗೆ ಅವಳ ತಲೆ ಅವಳಮ್ಮನ ಭುಜದ ಮೇಲೆ, ಅವಳಮ್ಮನ ತಲೆ ಅವಳ ತಲೆಯ ಮೇಲೆ. ಕೊನೆಯ ಚಪ್ಪಾಳೆಗೇ ಇಬ್ಬರಿಗೂ ಎಚ್ಚರ. ನನಗೆ ಇದರಿಂದ ನಿಜವಾಗಿ ನೋವಾಗುತ್ತಿತ್ತು. ಸಾವಿರ ಜನಕ್ಕೆ ಕೇಳಿಸದಿದ್ದರೆ ಹೋಗಲಿ, ಇವಳೊಬ್ಬಳು "ಓ, ಇದು ನಿಮ್ದು!" ಅಂದಿದ್ದರೆ ಸಾಕಿತ್ತು.

ದೋಷ ನನ್ನ ಪುಟ್ಟ ಸ್ಪೀಕರಿನದು ಎಂದು ತೀರ್ಮಾನಿಸಿದೆ. ನಮ್ಮ ವಲಯದಲ್ಲಿ ಗುಡುಗಪ್ಪ ಎಂದೇ ಹೆಸರಾದ ಹಿರಿಯ ಬೇಸ್ ವಾದಕರೊಬ್ಬರು ಬೆನ್ನುನೋವಿನಿಂದ ನಿವೃತ್ತರಾಗಿ, ಬೆನ್ನುನೋವಿಗೆ ಕಾರಣವಾದ ಸ್ಪೀಕರ್ ಪೆಟ್ಟಿಗೆಯನ್ನು ಮಾರುತ್ತಿದ್ದರು. ಕೊಳ್ಳಲು ಹೋದೆ. ಅವರು ಪೆಟ್ಟಿಗೆಯ ತಲೆ ಸವರಿ ಉಪದೇಶ ಮಾಡಿದರು.

"ನೋಡಪ್ಪಾ, ದೊಡ್ಡ ಸದ್ದು ಹತ್ತಿರ ಇದ್ದೋರಿಗೆ ಕೇಳ್ಸಲ್ಲ. ದೂರ ಹೋಗಿ ಅರಳತ್ತೆ. ವೇದಿಕೆ ಮೇಲೆ ನಿನಗೇ ಕೇಳ್ತಿಲ್ಲ ಅಂದ್ರೆ, ಕೊನೇ ಸಾಲಿನೋರು ಗಡಗಡ ನಡುಗ್ತಿದ್ದಾರೆ ಅಂತ ತಿಳ್ಕೋ."

ಈ ಮಾತನ್ನು ಎದೆಯಲ್ಲಿ ಕೆತ್ತಿಕೊಂಡೆ. ಮುಂದೆ ಇದೇ ಮಾತು ನನ್ನನ್ನು ಮುಳುಗಿಸಿತು. ಪೆಟ್ಟಿಗೆಯ ಜೊತೆ ಅವರು ಕಾಲಲ್ಲಿ ಒತ್ತುವ ಎರಡು ಪೆಡಲ್‌ಗಳನ್ನೂ ಪ್ರೀತಿಯಿಂದ ಕೊಟ್ಟರು. ಎರಡೂ ಕಪ್ಪು, ಎರಡೂ ಸಾಬೂನಿನ ಡಬ್ಬಿಯ ಗಾತ್ರ, ಎರಡಕ್ಕೂ ಒಂದೊಂದು ಕೆಂಪು ದೀಪ.

ಪೆಟ್ಟಿಗೆ ಮನೆಯೊಳಗೆ ಬಂದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಮನೇಲಿ ಫ್ರಿಜ್ ಇದೆಯಲ್ಲ ರೀ."

"ಇದು ಫ್ರಿಜ್ ಅಲ್ವೇ! ನನ್ನ ಧ್ವನಿ!"

"ಇಷ್ಟು ದಪ್ಪ ಇದೆಯಾ? ಸರಿ, ಈ ಡಬ್ಬಿಗಳೇನು?"

"ಒಂದು, ತಂತಿಗಳ ಶ್ರುತಿ ನೋಡೋಕೆ. ತುಳಿದ್ರೆ ದೀಪ ಹತ್ತತ್ತೆ, ಸದ್ದು ನಿಲ್ಲತ್ತೆ. ಶ್ರುತಿ ಮಾಡೋದು ಜನಕ್ಕೆ ಕೇಳಿಸ್ಬಾರ್ದು ನೋಡು. ಮತ್ತೆ ತುಳಿದ್ರೆ ದೀಪ ಆರಿ ಸದ್ದು ಬರತ್ತೆ. ಇನ್ನೊಂದರ ದೀಪ ಹತ್ತಿದ್ರೆ ಸದ್ದು ದುಪ್ಪಟ್ಟು!"

"ತುಳಿದ್ರೆ ಸದ್ದು ನಿಲ್ಲತ್ತಾ? ಅದೊಂದನ್ನೇ ತಂದಿದ್ರೆ ಸಾಕಿತ್ತಲ್ಲ ರೀ!"

ಕಲಾವಿದನಾದವನು ಇಂಥ ಮಾತಿಗೆ ಉತ್ತರ ಕೊಡಬಾರದು. ಪೆಟ್ಟಿಗೆಯನ್ನು ಹಜಾರದಲ್ಲಿ ನಿಲ್ಲಿಸಿ, ತಂತಿಗಳಲ್ಲೆಲ್ಲ ದಪ್ಪನೆಯದನ್ನು ಒಮ್ಮೆ ಮೀಟಿದೆ. ಗುಂಂಂ! ಆಹಾ! ಅದರ ಹಿಂದೆಯೇ ಟರ್ರ್ರ್ ಎಂಬ ಇನ್ನೊಂದು ಸದ್ದು! ಪೆಟ್ಟಿಗೆ ಹರಿದಿದೆಯೋ? ಬೆಳಗಾದರೆ ಭಾನುವಾರ, ಹೆಂಚು ತಯಾರಿಸುವ ಕಂಪನಿಯೊಂದರ ವಾರ್ಷಿಕೋತ್ಸವದಲ್ಲಿ ನಮ್ಮ ಕಾರ್ಯಕ್ರಮ. ಅತ್ತೆ ತಮ್ಮ ಕೋಣೆಯಿಂದ ಮಂಚದ ಸಮೇತ ಬಂದವರಂತೆ ಓಡಿಬಂದರು.

"ಅಳಿಯಂದ್ರೇ, ಮನೆ ಬೀಳ್ತಿದೆಯಾ? ಬೀಳೋದಾದ್ರೆ ಮೊದ್ಲೇ ಹೇಳಿ, ಸೀರೆ ಬದಲಾಯಿಸ್ಕೋತೀನಿ."

"ಇಲ್ಲ ಅತ್ತೆ, ಏನೋ ಅದುರ್ತಿದೆ. ಹುಡುಕ್ಬೇಕು."

ಬೇಸ್ ನುಡಿಸುವವರೆಲ್ಲರಿಗೂ ಈ ಬೇಟೆ ಗೊತ್ತು. ಒಬ್ಬ ಒಂದೇ ಸ್ವರವನ್ನು ಮೀಟುತ್ತಾ ಇರಬೇಕು, ಇನ್ನೊಬ್ಬರು ಮನೆಯ ಒಂದೊಂದೇ ವಸ್ತುವಿನ ಮೇಲೆ ಕೈಯಿಡುತ್ತಾ ಬರಬೇಕು. ಯಾವುದನ್ನು ಹಿಡಿದಾಗ ಅದುರು ನಿಲ್ಲುತ್ತದೋ ಅದೇ ಕಳ್ಳ. ಹೆಂಡತಿ ನಾಡಿ ನೋಡುವ ಗಾಂಭೀರ್ಯದಿಂದ ಹೊರಟಳು.

"ಇದಾ?" ಕಿಟಕಿ ಗಾಜು.

"ಸ್ವಲ್ಪ ಕಮ್ಮಿ ಆಯ್ತು. ಪೂರ್ತಿ ಹೋಗ್ಲಿಲ್ಲ."

"ಇದಾ?" ಪಾತ್ರೆಗಳ ಮುಚ್ಚಳ.

"ಅದೂ ಹೌದು. ಇನ್ನೂ ಒಂದಿದೆ!"

ಗಾಜಿನ ಸಂದಿಗೆ ಮಡಿಸಿದ ಕಾಗದ ತುರುಕಿದೆವು. ಮುಚ್ಚಳಗಳು ಹಾಸಿಗೆಗೆ ಹೋಗಿ ರಜಾಯಿ ಹೊದ್ದು ಮಲಗಿದವು. ಕಪಾಟಿನ ಬಾಗಿಲಿಗೆ ಅಂಟುಪಟ್ಟಿ, ಗೋಡೆಯ ಫೋಟೋಗಳ ಬೆನ್ನಿಗೆ ಹತ್ತಿ, ಕರೆಗಂಟೆಯ ಬಾಯಿಗೆ ನನ್ನ ಕಾಲುಚೀಲ. ಚಮಚ, ಚಾಕುಗಳನ್ನು ಟವೆಲ್ಲಿನಲ್ಲಿ ಸುತ್ತಿ ಕಟ್ಟಿದೆವು. ಅತ್ತೆ ನೀರು ಕುಡಿಯಲು ಲೋಟ ಕೇಳಿದರೆ, ಅದು ಅಂಟುಪಟ್ಟಿಯ ಹಿಂದೆ ಬಂಧನದಲ್ಲಿತ್ತು. ಅವರು ನೀರಿನ ಕೊಡದ ಬಾಯಿಗೇ ತುಟಿ ಹಚ್ಚಿ ಕುಡಿದು, ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮನೆಗೆ ಮನೆಯೇ ಬಾಯಿ ಮುಚ್ಚಿಕೊಂಡಿತು. ಆದರೂ ಮೀಟಿದರೆ ಟರ್ರ್ರ್!

"ಪೆಟ್ಟಿಗೇನೇ ಕೆಟ್ಟಿದೆ ಕಣೇ. ನಾನು ಮುಳುಗಿದೆ," ಎಂದು ನೆಲಕ್ಕೆ ಕುಸಿದೆ.

ಅತ್ತೆ ನಿಧಾನವಾಗಿ ಬಂದು ನನ್ನ ಎದುರು ನಿಂತರು. "ಇನ್ನೊಂದ್ಸಲ ಮೀಟಿ" ಎಂದರು. ಮೀಟಿದೆ. ಅವರು ಕೈ ಚಾಚಿ ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಹಿಡಿದರು. ಟರ್ರ್ರ್ ನಿಂತಿತು!

ಕನ್ನಡಕದ ಸ್ಕ್ರೂ ಸಡಿಲವಾಗಿತ್ತು. ಇಡೀ ಮನೆಯನ್ನು ಕಟ್ಟಿಹಾಕಿಸಿದ ಕಳ್ಳನನ್ನು ನಾನು ಮೂಗಿನ ಮೇಲೇ ಕೂರಿಸಿಕೊಂಡಿದ್ದೆ.

"ಈಗಲೇ ಬಿಗಿ ಮಾಡ್ತೀನಿ!" ಎಂದು ಟವೆಲ್ ಬಿಚ್ಚಿ ಚಾಕು ತೆಗೆದು, ಅದರ ತುದಿಯಿಂದ ಸ್ಕ್ರೂ ತಿರುಗಿಸಿದೆ. ಕನ್ನಡಕದ ಒಂದು ಕಡ್ಡಿ ಸಲೀಸಾಗಿ ಕೈಗೆ ಬಂತು.

"ರಬ್ಬರ್ ಬ್ಯಾಂಡ್ ಕಟ್ಕೊಡ್ತೀನಿ, ಅದನ್ನೇ ಹಾಕ್ಕೊಂಡು ಹೋಗಿ," ಎಂದಳು ಹೆಂಡತಿ.

"ನಿನಗೆ ನನ್ನ ಸದ್ದು ಕೇಳಿಸೋ ಮೊದಲ ದಿನ, ನಾನು ರಬ್ಬರ್ ಬ್ಯಾಂಡ್ ಕಟ್ಕೊಂಡು ನಿಲ್ಲಲಾ? ನಾಲ್ಕು ತಂತಿ ನೋಡೋಕೆ ಕನ್ನಡಕ ಬೇಕಾ? ಬೆರಳಿಗೇ ಕಣ್ಣಿದೆ ನನಗೆ!"

"ಕಾಲಿಗೂ ಇದೆಯಾ?" ಎಂದು ಅವಳು ಕೇಳಿದಳು. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಸಭಾಂಗಣ ತುಂಬಿತ್ತು, ಅಂದರೆ ನನಗೆ ಬಣ್ಣಬಣ್ಣದ ಹಿಟ್ಟು ಕಲಸಿಟ್ಟಂತೆ ಕಾಣುತ್ತಿತ್ತು. ಸೌಂಡಿನವನು ಮುಂಚೆಯೇ ಒಂದೆರಡು ಸ್ವರ ಕೇಳಿ, "ಬೇಸ್ ಬಂತು, ಸಾಕು ಸಾಕು" ಎಂದಿದ್ದ. ಪರದೆ ಏಳುವ ಮುನ್ನ ಕೊನೆಯದಾಗಿ ಶ್ರುತಿ ನೋಡಿಕೊಳ್ಳೋಣವೆಂದು ಪೆಡಲ್ ತುಳಿದೆ. ದೀಪ ಹತ್ತಿತು, ಸದ್ದು ನಿಂತಿತು. ಶ್ರುತಿ ತೋರಿಸುವ ಮುಳ್ಳು ಎಲ್ಲಿದೆಯೆಂದು ಕಾಣದೆ, ಮಂಡಿಯೂರಿ, ಮೂಗನ್ನು ಪೆಡಲ್‌ಗೆ ತಾಗಿಸಿ ತಂತಿಗಳನ್ನು ಸರಿಮಾಡುತ್ತಿದ್ದಾಗ ಪರದೆ ಎದ್ದುಬಿಟ್ಟಿತು! ನಾನು ವೇದಿಕೆಗೆ ಅಡ್ಡಬಿದ್ದೆನೆಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಗಡಬಡಿಸಿ ಎದ್ದು, ಸದ್ದು ಮರಳಿ ಬರಲೆಂದು ಕಾಲಿನಿಂದ ತಡಕಾಡಿ ಒಂದು ಡಬ್ಬಿಯನ್ನು ಗಟ್ಟಿಯಾಗಿ ತುಳಿದೆ. ಬಗ್ಗಿ ನೋಡಿದರೆ ಕೆಳಗೆ ಕೆಂಪಗೆ ಏನೋ ಮಿನುಗುತ್ತಿತ್ತು. ಸದ್ದು ಮರಳಿದ್ದಷ್ಟೇ ಅಲ್ಲ, ದುಪ್ಪಟ್ಟೂ ಆಗಿದೆ, ಭಲೇ ಎಂದುಕೊಂಡೆ.

ಹಾಡು ಶುರುವಾಯಿತು. ಮೀಟಿದೆ. ನನಗೇನೂ ಕೇಳಿಸಲಿಲ್ಲ. ತಟ್ಟನೆ ಗುಡುಗಪ್ಪನವರ ಉಪದೇಶ ನೆನಪಾಗಿ ಮೈ ಜುಮ್ಮೆಂದಿತು. ಮನೆಯಲ್ಲಾದರೆ ಗೋಡೆಗಳು ತಡೆಯುತ್ತಿದ್ದವು, ಇಲ್ಲಿ ತಡೆಯುವವರಾರು! ಕೊನೆಯ ಸಾಲಿನವರ ಗತಿ ನೆನೆದು ಕನಿಕರವೂ ಆಯಿತು. ಬೆರಳುಗಳಿಗೆ ರೆಕ್ಕೆ ಬಂದವು. ಹಾಡಿನ ಮೇಲೆ ಹಾಡು, ನಾನು ಹಿಂದೆಂದೂ ನುಡಿಸದ ಹಾಗೆ ನುಡಿಸಿದೆ. ಮೂರನೇ ಸಾಲಿನಲ್ಲಿ ಹೆಂಡತಿಯ ಹಳದಿ ಸೀರೆ ಕಾಣುತ್ತಿತ್ತು. ಆ ಹಳದಿ ಇವತ್ತು ಯಾರ ಭುಜಕ್ಕೂ ವಾಲಿರಲಿಲ್ಲ. ನೆಟ್ಟಗೆ ಕೂತಿತ್ತು! ಪಕ್ಕದ ಅತ್ತೆಯ ನೀಲಿಯೂ ನೆಟ್ಟಗೆ! ನನ್ನ ಕಣ್ಣು ಒದ್ದೆಯಾಗಿ, ಮೊದಲೇ ಮಂಜಾಗಿದ್ದ ಲೋಕ ಪೂರ್ತಿ ಮುಳುಗಿತು. ಇಷ್ಟು ವರ್ಷದ ಮೇಲೆ ನನ್ನವಳು ಎಚ್ಚರವಾಗಿದ್ದು ನನ್ನನ್ನು ಕೇಳುತ್ತಿದ್ದಾಳೆ!

ಮುಗಿದ ಮೇಲೆ ಅಭಿನಂದನೆಗಳ ಸುರಿಮಳೆ. ಡ್ರಮ್ಮಿನವನು ಬೆನ್ನು ತಟ್ಟಿ, "ಇವತ್ತು ನಾವಿಬ್ರೂ ಎಷ್ಟು ಹೊಂದ್ಕೊಂಡಿದ್ವಿ ನೋಡು ಗುರೂ!" ಎಂದ. ಗಾಯಕಿ, "ಇವತ್ತು ನನ್ನ ದನಿ ಎಷ್ಟು ಬಿಡಿಸಿ ಕೇಳ್ತಿತ್ತು!" ಎಂದಳು. ಸೌಂಡಿನವನಂತೂ ಕೈಮುಗಿದ. "ಸಾರ್, ಹೊಸ ಪೆಟ್ಟಿಗೆ ಬಂಗಾರ ಸಾರ್. ಬೇಸ್ ಇಷ್ಟು ಹದವಾಗಿ ನಾನು ಕೇಳೇ ಇಲ್ಲ."

ಗೆದ್ದವನ ನಡಿಗೆಯಲ್ಲಿ ಮೂರನೇ ಸಾಲಿಗೆ ಹೋದೆ.

"ಹೇಗಿತ್ತೇ?"

"ಏನೋ ರೀ, ಇವತ್ತು ನಿದ್ದೇನೇ ಬರ್ಲಿಲ್ಲ."

"ಗೊತ್ತು ಕಣೇ, ಗೊತ್ತು! ನೋಡ್ದೆ! ಹೇಗೆ ಬರತ್ತೆ?"

"ಅಲ್ಲ ರೀ. ಪ್ರತಿ ಸಲ ನೀವು ಶುರು ಮಾಡಿದ್ರೆ, ಕುರ್ಚಿಯಿಂದ ಮೆಲ್ಲಗೆ ಗುಂ ಗುಂ ಅಂತ ಒಂದು ಹತ್ತಿ ಬರ್ತಿತ್ತು. ಬೆನ್ನಿಂದ ಹೊಟ್ಟೆಗೆ. ಯಾರೋ ತಟ್ಟಿ ಮಲಗಿಸಿದ ಹಾಗೆ. ನೈಟ್ ಡ್ಯೂಟಿ ಸುಸ್ತೆಲ್ಲಾ ಇಳಿದುಹೋಗೋದು. ಇವತ್ತು ಅದು ಬರ್ಲೇ ಇಲ್ಲ. ಕಾದೆ, ಕಾದೆ. ಬರೀ ಗಲಾಟೆ. ತಲೆ ಸಿಡೀತಿದೆ." ಅವಳು ಹಣೆ ಒತ್ತಿಕೊಂಡವಳು ಇದ್ದಕ್ಕಿದ್ದಂತೆ ನಿಲ್ಲಿಸಿ ನನ್ನನ್ನು ನೋಡಿದಳು. "ರೀ... ಅದೇನಾ ನಿಮ್ದು?"

ನಾನು ಓಡಿಹೋಗಿ ವೇದಿಕೆ ಹತ್ತಿದೆ. ಮಂಡಿಯೂರಿ ಮೂಗನ್ನು ನೆಲಕ್ಕೆ ತಂದೆ. ಎರಡೂ ದೀಪಗಳು ಉರಿಯುತ್ತಿದ್ದವು. ಸದ್ದನ್ನು ದುಪ್ಪಟ್ಟು ಮಾಡುವುದನ್ನು ತುಳಿದಿದ್ದೆ, ನಿಜ. ಸದ್ದು ನಿಲ್ಲಿಸುವುದನ್ನು ಮಾತ್ರ ಮತ್ತೆ ತುಳಿದೇ ಇರಲಿಲ್ಲ. ನನ್ನ ಬದುಕಿನ ಅತ್ಯುತ್ತಮ ಕಾರ್ಯಕ್ರಮವನ್ನು ನಾನು ಒಂದು ಸ್ವರವೂ ಹೊರಡದಂತೆ ನಡೆಸಿಕೊಟ್ಟಿದ್ದೆ! ತಂಡದಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಕಿವಿಯೇ ಉದ್ಯೋಗವಾದ ಸೌಂಡಿನವನಿಗೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು, ನಿದ್ದೆ ಕೆಟ್ಟ ಇವಳೊಬ್ಬಳಿಗೆ.

ಮನೆಗೆ ಬಂದ ಮೇಲೆ ಎಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ದಿಂಬು ತಂದು ಪೆಟ್ಟಿಗೆಯ ಪಕ್ಕಕ್ಕೆ ಹಾಕಿಕೊಂಡು, "ಸ್ವಲ್ಪ ನುಡಿಸಿ ರೀ," ಎಂದಳು.

ಕನ್ನಡಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿಸಿಕೊಂಡು, ಬಗ್ಗಿ, ದೀಪ ಆರಿದೆಯೆಂದು ಖಾತ್ರಿ ಮಾಡಿಕೊಂಡು, ದಪ್ಪ ತಂತಿಯನ್ನು ಮೆತ್ತಗೆ ಮೀಟಿದೆ. ಗುಂಂಂ. ಬಾಯಿ ಕಟ್ಟಿದ ಮನೆಯಲ್ಲಿ ಒಂದು ಮುಚ್ಚಳವೂ ಉಸಿರೆತ್ತಲಿಲ್ಲ.

"ಹಾಂ... ಇದೇ. ಇದು ನಿಮ್ದು," ಎಂದಳು. ಅಷ್ಟು ವರ್ಷ ಕಾದ ಮಾತು! ನಾನು "ಏನಂದೆ? ಇನ್ನೊಂದ್ಸಲ ಹೇಳೇ!" ಎಂದು ತಿರುಗುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಗಿಟಾರ್ ಗೂಟವಾಗುವುದು ತಪ್ಪಿದ ಸಮಾಧಾನದಿಂದ ಅದನ್ನು ಕೆಳಗಿಡಲು ಹೋದೆ. ಹಿಂದಿನ ಕೋಣೆಯ ಕತ್ತಲಿಂದ ಅತ್ತೆಯ ದನಿ ಬಂತು.

"ನಿಲ್ಲಿಸ್ಬೇಡಿ ಅಳಿಯಂದ್ರೇ. ನನಗಿನ್ನೂ ಬಂದಿಲ್ಲ."