ಗರಗಸ ಯಂತ್ರದ ದೊರೆಗಳಿಗೆ ಮುಕ್ಕಾಲು ಅಂಗುಲದ ಅಹವಾಲು

ನಜರ್‌ಬಾದ್, ಮೈಸೂರು
ಮಹಾಲಯ ಅಮಾವಾಸ್ಯೆ, ಮಧ್ಯಾಹ್ನ, ೧೯೫೭

ಮಾನ್ಯರೇ,

ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ, ರಾಗಿ ಮೂಟೆಗಳ ಪಕ್ಕ, ಎರಕದ ಕಬ್ಬಿಣದ ನಾಲ್ಕು ಕಾಲುಗಳ ಮೇಲೆ ವಿರಾಜಮಾನರಾಗಿರುವ ಫ್ರೆಟ್ ಗರಗಸ ಯಂತ್ರದವರ ಸನ್ನಿಧಾನಕ್ಕೆ, ಆ ಮನೆಯ ಯಜಮಾನನೆಂದು ಮುನಿಸಿಪಾಲಿಟಿಯ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿರುವ ನಂಜಯ್ಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಚಕ್ರ, ತಮ್ಮ ತೊಗಲಿನ ಪಟ್ಟಿ, ತಮ್ಮ ಮೇಲ್ತೋಳು ಕೆಳತೋಳುಗಳು ಕ್ಷೇಮವೆಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ, ಏಕೆಂದರೆ ಈ ಮನೆಗೆ ಬರುವ ಹರಳೆಣ್ಣೆ ಮೊದಲು ತಮ್ಮ ಕೀಲುಗಳಿಗೆ ಸಂದು, ಮಿಕ್ಕಿದ್ದು ನನ್ನ ಮಂಡಿಗೆ ಬರುವ ಏರ್ಪಾಡು ಎರಡು ವರ್ಷದಿಂದ ತಪ್ಪದೆ ನಡೆದುಕೊಂಡು ಬಂದಿದೆ.

ನಾನು ಯಾರೆಂಬುದನ್ನು ತಾವು ಮರೆತಿದ್ದರೆ ತಮ್ಮ ತಪ್ಪಲ್ಲ. ಮೇಟಗಳ್ಳಿಯಿಂದ ಒಂದು ಕೊಡಲಿ ಹೆಗಲ ಮೇಲಿಟ್ಟುಕೊಂಡು ಈ ಪಟ್ಟಣಕ್ಕೆ ಬಂದು, ಮೂವತ್ತು ವರ್ಷ ಸೌದೆ ಡಿಪೋ ನಡೆಸಿ, ಮೈಸೂರಿನ ಅರ್ಧ ಒಲೆಗಳನ್ನು ಉರಿಸಿದವನು ನಾನು. ಮರವೆಂದರೆ ತೂಗುವುದು, ಸೀಳುವುದು, ಒಟ್ಟುವುದು ಎಂದಷ್ಟೇ ತಿಳಿದಿದ್ದೆ. ಡಿಪೋವನ್ನು ತಮ್ಮನಿಗೆ ಒಪ್ಪಿಸಿ ಕೈ ಖಾಲಿಯಾಗಿ ಕೂತಿದ್ದಾಗ, ತಮ್ಮ ದೇಶಕ್ಕೆ ಹೊರಟಿದ್ದ ಬಿಳಿಯ ದೊರೆಯೊಬ್ಬರ ಬಂಗಲೆಯ ಹರಾಜಿನಲ್ಲಿ, ಸ್ನಾನದ ತೊಟ್ಟಿಗೂ ಬೇಟೆಯಾಡಿ ತಂದ ಕಾಟಿಯ ತಲೆಗೂ ನಡುವೆ ನಿಂತಿದ್ದ ತಮ್ಮ ದರ್ಶನವಾಯಿತು. ಕಾಲಿನಲ್ಲಿ ತುಳಿದರೆ ಕೂದಲಿನಷ್ಟು ಸಣ್ಣ ಅಲಗು ಮೇಲೆ ಕೆಳಗೆ ಆಡಿ, ತೆಳು ಹಲಗೆಯಲ್ಲಿ ಬಳ್ಳಿ, ಹೂವು, ಹಕ್ಕಿ ಏನು ಬೇಕಾದರೂ ಕೊರೆಯುತ್ತದೆಂದು ಹರಾಜಿನವನು ಹೇಳಿದ. ಯಾರ ಕಾಲು ಎಂಬುದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಸೌದೆ ಕೊಳ್ಳುವಾಗ ಹಸಿಯೋ ಒಣಗಿದ್ದೋ ಎಂದು ತಟ್ಟಿ ನೋಡುವ ನಾನು ಆ ದಿನ ತಮ್ಮನ್ನು ತಟ್ಟಿ ನೋಡಲಿಲ್ಲ.

ತಮ್ಮ ಗಾಂಭೀರ್ಯವನ್ನು ನಾನು ಮೊದಲ ಮೂರು ವಾರಗಳಲ್ಲೇ ಅರಿತೆ. ತುಳಿದಾಗಲೆಲ್ಲ ಹಲಗೆ ಮೇಜು ಬಿಟ್ಟು ಎಗರಿ ಎಗರಿ ಕುಣಿಯುತ್ತಿತ್ತು. ಅದು ತಮ್ಮ ಉತ್ಸಾಹವೆಂದು ಭಾವಿಸಿ ಹಲಗೆಯನ್ನು ಎರಡು ಮೊಣಕೈಗಳಿಂದ ಒತ್ತಿಹಿಡಿದು, ಗಲ್ಲದಿಂದಲೂ ಅದುಮಿ, ಭಕ್ತಿಯಿಂದ ಕೆಲಸ ಮಾಡಿದೆ. ಕಡೆಗೆ ಪಕ್ಕದ ಮನೆಯ ಅಶ್ವತ್ಥರಾಯರು ಸದ್ದು ತಾಳಲಾರದೆ ಬಂದು, ಕನ್ನಡಕ ಏರಿಸಿ, ತಮ್ಮ ಬಾಯಲ್ಲಿ ಕಣ್ಣಿಟ್ಟು ನೋಡಿ, "ನಂಜಯ್ಯನವರೇ, ಅಲಗಿನ ಹಲ್ಲು ಆಕಾಶ ನೋಡ್ತಿದೆಯಲ್ರೀ, ಅದು ನೆಲ ನೋಡಬೇಕು" ಎಂದರು. ಈ ಸಂಗತಿ ತಮಗೆ ಮೊದಲ ದಿನದಿಂದಲೇ ಗೊತ್ತಿದ್ದೂ ಮೂರು ವಾರ ಒಂದು ಮಾತೂ ಆಡದೆ ಇದ್ದಿರಲ್ಲ, ಇಂಥ ಸಂಯಮ ದೊಡ್ಡ ಹುದ್ದೆಯಲ್ಲಿ ಇದ್ದವರ ಬಳಿ ಸೇವೆ ಮಾಡಿದವರಿಗಲ್ಲದೆ ಬೇರೆಯವರಿಗೆ ಬಾರದು.

ಅಲಗುಗಳ ವಿಷಯಕ್ಕೆ ಬರುತ್ತೇನೆ. ಇಂದಿನವರೆಗೆ ತಮ್ಮ ಸೇವೆಯಲ್ಲಿ ಮಡಿದ ಅಲಗುಗಳು ಏಳು ಡಜನ್ನೂ ನಾಲ್ಕು. ಅವುಗಳಲ್ಲಿ ಒಂದಾದರೂ ಮುಪ್ಪಿನಿಂದ ಹೋದದ್ದಲ್ಲ. ನವಿಲಿನ ಬಾಲದಲ್ಲಿ ಮೂವತ್ತಾರು ಕಂಡಿಗಳಿದ್ದರೆ, ಒಂದೊಂದಕ್ಕೂ ಮೊದಲು ಬೈರಿಗೆಯಿಂದ ತೂತು ಕೊರೆದು, ಅಲಗಿನ ಮೇಲ್ತುದಿ ಬಿಚ್ಚಿ, ತೂತಿನೊಳಗೆ ಪೋಣಿಸಿ, ಮತ್ತೆ ಬಿಗಿದು, ಕಂಡಿ ಕೊಯ್ದು, ಮತ್ತೆ ಬಿಚ್ಚಬೇಕೆಂಬುದು ತಮ್ಮ ಶಾಸ್ತ್ರ. ಒಪ್ಪಿದೆ. ಮೂವತ್ತೈದು ಕಂಡಿಗಳವರೆಗೆ ಹಾಲು ಕರೆಯುವ ಹಸುವಿನಂತೆ ಸುಮ್ಮನಿದ್ದು, ಮೂವತ್ತಾರನೆಯದರ ಕಡೆಯ ತಿರುವಿನಲ್ಲಿ ಟಿಣ್ ಎನ್ನುತ್ತೀರಿ. ಆ ಟಿಣ್ ಕೇಳಿದೊಡನೆ ಅಡಿಗೆಮನೆಯಿಂದ ನನ್ನ ಹೆಂಡತಿ ಚೆಲುವಮ್ಮ, "ಓಯ್ತಾ ಇನ್ನೊಂದು? ಊರಿಗೆಲ್ಲ ಸೌದೆ ಸೀಳಿದ ಕೈ, ಈಗ ನವಿಲುಗರಿ ಕುಯ್ಯಕ್ಕೆ ಒಂಟ್ಬುಡ್ತು" ಎನ್ನುತ್ತಾಳೆ. ತಾವೂ ಅವಳೂ ಮೊದಲೇ ಮಾತಾಡಿಕೊಂಡಿರುವಿರೆಂದು ನಾನು ಆಪಾದಿಸುವುದಿಲ್ಲ. ಅನುಮಾನಿಸುತ್ತೇನೆ, ಅಷ್ಟೆ.

ಇದನ್ನೆಲ್ಲ ಇಷ್ಟು ದಿನ ನುಂಗಿಕೊಂಡಿದ್ದವನು ಇಂದು ಏಕೆ ಬರೆಯುತ್ತಿದ್ದೇನೆಂದು ಹೇಳುತ್ತೇನೆ. ನಮ್ಮ ಒಬ್ಬಳೇ ಮಗಳು ಪುಟ್ಟಲಕ್ಷ್ಮಿಯನ್ನು ಕಳೆದ ಮಾಘದಲ್ಲಿ ಚಾಮರಾಜಪುರಂಗೆ ಕೊಟ್ಟದ್ದು ತಮಗೆ ತಿಳಿದೇ ಇದೆ. ಮದುವೆಯ ಹಪ್ಪಳಗಳನ್ನು ತಮ್ಮ ಮೇಜಿನ ಮೇಲೆಯೇ ಹರವಿದ್ದೆವು. ಮೊದಲ ನವರಾತ್ರಿಗೆ ತವರಿನಿಂದ ಪಟ್ಟದ ಗೊಂಬೆಗಳು ಹೋಗಬೇಕು, ಅರಸ ಅರಸಿಯರ ಆ ಜೋಡಿ ಗಂಡನ ಮನೆಯ ಗೊಂಬೆ ಮೆಟ್ಟಿಲ ಮೇಲೆ ತುದಿಯಲ್ಲಿ ಕೂರಬೇಕು. ಗೊಂಬೆಗಳಷ್ಟೇ ಕಳಿಸಿದ್ದರೆ ಎಲ್ಲವೂ ಸುಸೂತ್ರ. ಆದರೆ ಬೀಗರ ಮುಂದೆ, ಬೀಗರೂಟದ ಎಲೆಯಲ್ಲಿ ಎರಡನೆಯ ಸಲ ಪಾಯಸ ಬಿದ್ದ ಧೈರ್ಯದಲ್ಲಿ, "ಪಟ್ಟದ ಗೊಂಬೆಗೆ ಮಂಟಪ ನನ್ನ ಕೈಯಾರೆ ಮಾಡಿ ಕಳಿಸ್ತೀನಿ, ತೇಗದಲ್ಲಿ, ಜಾಲರಿ ಕೆಲಸದ್ದು" ಎಂದುಬಿಟ್ಟೆ. ಆ ಮನೆಯ ಅತ್ತೆ ಬೆಟ್ಟಮ್ಮನವರು ಏನನ್ನೂ ಮರೆಯದ ಹೆಂಗಸು. ಮಗಳು ಗೌರಿಹಬ್ಬಕ್ಕೆ ಬಂದಾಗ ತಮ್ಮ ಪಕ್ಕ ನಿಂತು, ಹೊಟ್ಟು ಬಿದ್ದ ನವಿಲನ್ನು ಸೆರಗಿನಿಂದ ಒರೆಸುತ್ತ, "ಅಪ್ಪಾಜಿ, ದಿನಕ್ಕೆರಡು ಸಲ ಕೇಳ್ತಾರೆ ಕಣಪ್ಪ, ಮಂಟಪ ಎಲ್ಲಿಗೆ ಬಂತು, ನಿಮ್ಮಪ್ಪ ಸೌದೆ ಒಣಗಾಕವ್ರಾ ಅಂತ. ಆಗದಿದ್ರೆ ಬುಡು, ನಾನು ಏನೋ ಒಂದು ಏಳ್ಕತೀನಿ" ಎಂದಳು. ಹುಡುಗಿ ಎಂದೂ ಸುಳ್ಳು ಹೇಳಿ ಗೊತ್ತಿಲ್ಲದವಳು. ನನ್ನ ಬಾಯಿಗಾಗಿ ಅವಳು ಆ ಮನೆಯಲ್ಲಿ ಸುಳ್ಳು ಕಲಿಯಬೇಕೆ, ಹೇಳಿ.

ಆದ್ದರಿಂದ ತುಳಿದೆ. ಮೂರೂವರೆ ವಾರ ತುಳಿದು, ಕಂಬ ನಾಲ್ಕು, ಪಕ್ಕದ ಜಾಲರಿ ಎರಡು, ಮುಂದಿನ ಕಮಾನು ಒಂದು ಸಿದ್ಧಪಡಿಸಿದೆ. ಕಮಾನಿನ ಮೇಲೆ ಎದುರುಬದುರು ಎರಡು ನವಿಲು, ನಡುವೆ ಕೊಕ್ಕಿಗೆ ಕೊಕ್ಕು. ಅಳತೆಯಲ್ಲಿ ನಾನು ಎಂದೂ ಸೋತವನಲ್ಲ. ಅರಸನ ಗೊಂಬೆಯನ್ನು ಗೋಡೆಗೆ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಗುಲಪಟ್ಟಿ ಹಿಡಿದು, ಒಂದು ನೂಲಿನಷ್ಟೂ ತೇಗ ದಂಡವಾಗದ ಹಾಗೆ ಕಮಾನಿನ ಎತ್ತರ ಗೊತ್ತುಮಾಡಿದೆ. ನೆನ್ನೆ ಸಂಜೆ ಗೊಂಬೆ ಒಳಗಿಟ್ಟರೆ ಬೀಗದೊಳಗೆ ಕೀಲಿಕೈ ಹೋದ ಹಾಗೆ ಹೋಯಿತು. ಚೆಲುವಮ್ಮ ಕೂಡ ಕೈ ಒರೆಸಿಕೊಂಡು ಬಂದು ನೋಡಿ ಹೋದಳು.

ಈ ಬೆಳಿಗ್ಗೆ ಹಿರಿಯರಿಗೆ ಎಡೆ ಇಟ್ಟು ಮುಗಿಸಿ, ಅವಳು ಗೊಂಬೆಗಳಿಗೆ ಉಡಿಗೆ ತೊಡಿಸಲು ಕೂತಳು. ವರ್ಷ ವರ್ಷವೂ ಪಟ್ಟದ ಗೊಂಬೆಗೆ ಹೊಸ ಉಡಿಗೆ ಉಡಿಸುತ್ತಾರೆಂಬುದು ಮೈಸೂರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಅರಸರನ್ನು ಬರಿಮೈಯಲ್ಲಿ ಅಳೆದಿದ್ದೆ. ಅರಸಿಯದು ಹೇಗೋ ಸರಿಹೋಯಿತು. ಅರಸರಿಗೆ ಜರಿಯ ಅಂಗಿ ಬಂತು, ತಲೆಗೆ ಪೇಟ ಬಂತು, ಪೇಟದ ಮೇಲೆ ತುರಾಯಿ ನಿಂತಿತು. ಕಮಾನಿಗಿಂತ ಮುಕ್ಕಾಲು ಅಂಗುಲ ಎತ್ತರ. "ಪೇಟ ತೆಗಿ" ಎಂದೆ. "ಪಟ್ಟದ ಅರಸ್ರನ್ನ ಬರಿತಲೇಲಿ ಕಳಿಸ್ತೀರಾ? ಬೀಗಿತ್ತಿ ಏನಂದಾರು?" ಎಂದಳು. "ತುರಾಯಿ ಬಗ್ಗಿಸು" ಎಂದೆ. "ನಿಮ್ ಮೀಸೆ ಬಗ್ಸಿ ಮೊದಲು" ಎಂದಳು. ಕಂಬಗಳ ಕೆಳಗೆ ತುಂಡು ಹಲಗೆ ಕೊಟ್ಟು ಏರಿಸಿದರೆ ಮಂಟಪಕ್ಕೆ ಕಾಲು ಉಳುಕಿದಂತೆ ಕಾಣುತ್ತದೆ.

ಉಳಿದಿರುವುದು ಒಂದೇ ದಾರಿ, ಅದು ತಮ್ಮ ಬಾಯಿಂದ ಹೋಗುತ್ತದೆ. ಕಮಾನನ್ನು ಬಿಚ್ಚಿ, ನಾಳೆ ಪಾಡ್ಯದ ಬೆಳಗ್ಗೆ ಹೊತ್ತು ಮೂಡುವಾಗ ತಮ್ಮ ಮೇಜಿನ ಮೇಲೆ ಇಡುತ್ತೇನೆ. ಎರಡು ಕೊಕ್ಕುಗಳು ಕೂಡುವಲ್ಲಿ, ಮುಕ್ಕಾಲು ಅಂಗುಲದ ಒಂದು ಅರೆಚಂದ್ರ ಕೊಯ್ಯಬೇಕು. ಅಲಗು ಉಳಿದಿರುವುದು ಒಂದು. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಮದರಾಸಿನಿಂದ ಬರಬೇಕು, ದಸರಾ ಕಳೆಯಲಿ ಎನ್ನುತ್ತಾರೆ. ಹಲಗೆ ಸೀಳಿದರೆ ನವಿಲುಗಳೆರಡೂ ಹೋದವು, ನಾಳೆ ಗೊಂಬೆ ಕೂರಿಸುವ ಹೊತ್ತಿಗೆ ನನ್ನ ಮಗಳು ಹತ್ತು ಹೆಂಗಸರ ನಡುವೆ ಏನು ಹೇಳಲಿ ಎಂದು ನೆಲ ನೋಡುತ್ತ ನಿಂತಿರುತ್ತಾಳೆ.

ಆದಕಾರಣ ಪ್ರಾರ್ಥನೆ. ನನ್ನ ಕಾಲಿನ ಲಯ ತಮ್ಮ ಹಳೆಯ ದೊರೆಯದರಂತಿಲ್ಲ, ಬಲಮಂಡಿ ಒಂದು ತಾಳ ಹಿಂದೆ ಬೀಳುತ್ತದೆ. ನಾಳೆ ಒಂದು ದಿನ ತಾವೇ ಆ ಮಂಡಿಗಾಗಿ ಕಾಯಬೇಕು. ಬೂಟು ಹಾಕಿಕೊಂಡು ತುಳಿಯಬೇಕೆಂದರೆ ಅಶ್ವತ್ಥರಾಯರಿಂದ ಕಡ ತರುತ್ತೇನೆ. ಇಂಗ್ಲಿಷಿನಲ್ಲಿ ಕೇಳಿಕೊಳ್ಳಬೇಕೆಂದರೆ ಅದನ್ನೂ ಅವರಿಂದಲೇ ಬರೆಸಿ ಓದುತ್ತೇನೆ. ಹೋದ ಆಯುಧಪೂಜೆಗೆ ಕುಂಕುಮ ಹಚ್ಚಿದ್ದು ತಮಗೆ ಸಾಲದಾಗಿ ಅಂದೇ ಒಂದು ಅಲಗು ಮುರಿದಿರಿ. ಈ ಸಲ ತಮಗೆ ಪ್ರತ್ಯೇಕ ಬೂದುಗುಂಬಳ, ಮಲ್ಲಿಗೆಯ ದೊಡ್ಡ ಹಾರ, ಸಾಧ್ಯವಾದರೆ ಸವಾರಿಯಲ್ಲಿ ಆನೆಗಳ ಹಿಂದೆ ತಮ್ಮನ್ನೂ ಗಾಡಿಯ ಮೇಲೆ ಕೂರಿಸಬೇಕೆಂದು ಸಂಬಂಧಪಟ್ಟವರಿಗೆ ಅರ್ಜಿ. ಟಿಣ್ ಎನ್ನಲೇಬೇಕಾದರೆ ಅರೆಚಂದ್ರ ಪೂರೈಸಿದ ಮೇಲೆ ಮನಸಾರೆ ಎನ್ನಿ, ನಾನೇ ಕೈಮುಗಿದು ಕೇಳಿಸಿಕೊಳ್ಳುತ್ತೇನೆ.

ತಮ್ಮ ಎರಡು ತೋಳುಗಳ ನಡುವೆ ಒಬ್ಬ ತಂದೆಯ ಮಾತು ಸಿಕ್ಕಿಕೊಂಡಿದೆಯೆಂಬುದನ್ನು ಮತ್ತೊಮ್ಮೆ ಜ್ಞಾಪಿಸಿ ಮುಗಿಸುವ,

ತಮ್ಮ ವಿಶ್ವಾಸಿ,
ನಂಜಯ್ಯ
ಸೌದೆ ಡಿಪೋದ ಮಾಜಿ ಮಾಲೀಕ, ತಮ್ಮ ಹಾಲಿ ಆಳು

ತಾ.ಕ.: ಪಾಡ್ಯ, ಸಂಜೆ. ತಾವು ಬೆಳಗ್ಗೆ ಬೆಣ್ಣೆ ಕೊಯ್ದ ಹಾಗೆ ಕೊಯ್ದಿರಿ, ಅಲಗು ಮುರಿಯಲಿಲ್ಲ. ಹೀಗೆ ಕೊಯ್ಯಲು ಬರುತ್ತದೆಂಬುದನ್ನು ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಕ್ಷಮೆಯಿಲ್ಲ. ತುರಾಯಿ ಒಳಗೆ ಹೋಯಿತು. ಎರಡು ನವಿಲುಗಳ ಕೊಕ್ಕೂ ಅರೆಚಂದ್ರದೊಡನೆ ಹೊರಗೆ ಹೋಯಿತು. ಜಟಕಾದಲ್ಲಿ ಮಂಟಪ ತೊಡೆಯ ಮೇಲಿಟ್ಟುಕೊಂಡು ಹೋದೆವು. ಬೆಟ್ಟಮ್ಮನವರು ಸುತ್ತ ಒಂದು ಪ್ರದಕ್ಷಿಣೆ ಬಂದು ಕಮಾನಿನ ಮುಂದೆ ನಿಂತರು. ಮಗಳು ಆರತಿ ತಟ್ಟೆ ಹಿಡಿದು ರೆಪ್ಪೆ ಬಡಿಯದೆ ಅತ್ತೆಯ ಮುಖ ನೋಡುತ್ತಿದ್ದಳು. "ಏನ್ ಗತ್ತು ಕಣ್ರೀ ಬೀಗ್ರದು! ಅರಸ್ರು ಬಂದವ್ರೆ ಅಂತ ನವಿಲೂ ಬಾಯ್ ಮುಚ್ಕಂಡು ನಿಂತವಲ್ಲಾ" ಎಂದರು. ಹೊಗಳಿದರೋ ಕುಟುಕಿದರೋ ಇನ್ನೂ ತೀರ್ಮಾನವಾಗಿಲ್ಲ, ಆದರೆ ಹೆಂಗಸರೆಲ್ಲ ನಕ್ಕರು, ಮಗಳೂ ನಕ್ಕಳು. ಅಷ್ಟರಲ್ಲಿ ಅಳಿಯ ಚೆಲುವರಾಜು ಮಂಟಪವನ್ನು ಹಿಂದಿನಿಂದ ಬಗ್ಗಿ ನೋಡಿ, ಕಂಡಿಗಳಲ್ಲಿ ಬೆರಳಾಡಿಸಿ, "ಮಾವ, ಇದು ಯಾವ ಯಂತ್ರ? ನಾನೂ ಒಂದು ಸಲ ತುಳೀಬೌದಾ?" ಎಂದರು. ಆ ಕಣ್ಣಿನ ಹೊಳಪು ನನಗೆ ಚೆನ್ನಾಗಿ ಗೊತ್ತು. ವಿಜಯದಶಮಿಯ ಮಾರನೆ ದಿನ ತಮ್ಮನ್ನು ಬಳುವಳಿಯಾಗಿ ಎತ್ತಿನ ಗಾಡಿಯಲ್ಲಿ ಚಾಮರಾಜಪುರಂಗೆ ಕಳಿಸಿಕೊಡುತ್ತಿದ್ದೇನೆ. ಅಲ್ಲಿ ತಮ್ಮ ಹಳೆಯ ಚಾಳಿಯನ್ನು ಒಂದಿಷ್ಟೂ ಬಿಡಬೇಡಿರೆಂದು ಬೇಡಿಕೊಳ್ಳುತ್ತೇನೆ: ದಿನಕ್ಕೆ ಮೂರು ಟಿಣ್ ಕೇಳಿಸಲಿ, ನಡುಮನೆಯ ತುಂಬ ಹೊಟ್ಟು ಹಾರಲಿ. ಮಗನನ್ನು ಬೈದು ಮುಗಿಸುವಷ್ಟರಲ್ಲಿ ಬೆಟ್ಟಮ್ಮನವರಿಗೆ ಹೊತ್ತು ಮುಳುಗಿರುತ್ತದೆ. ಸೊಸೆಯ ತವರಿನ ಸುದ್ದಿ ಎತ್ತಲು ಪುರುಸೊತ್ತು ಎಲ್ಲಿಂದ ಬರಬೇಕು?