ಐವತ್ತೆರಡು ವರ್ಷದ ತರುಣ ರೈತ

ಪಟ್ಟಣದವರು ವಯಸ್ಸನ್ನು ಹುಟ್ಟಿದ ವರ್ಷದಿಂದ ಎಣಿಸುತ್ತಾರೆ. ಕೋಲ್ಹಾಪುರ ಜಿಲ್ಲೆಯ ನಮ್ಮ ಗಡಹಿಂಗ್ಲಜ ಕಡೆಯ ರೈತರಲ್ಲಿ ಆ ಪದ್ಧತಿ ಇಲ್ಲ. ಅಪ್ಪ ಇದ್ದಾರೆಯೇ ಎಂದು ಕೇಳುತ್ತಾರೆ. ಇದ್ದರೆ ನೀವು ತರುಣರು, ಇಲ್ಲದಿದ್ದರೆ ಹಿರಿಯರು. ಮುರಗೂಡದಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರಿದ್ದಾರೆ. ಅರವತ್ತನಾಲ್ಕು ವರ್ಷ, ಮೇಲಿನ ಹಲ್ಲಿನ ಸೆಟ್ಟು ಕಟ್ಟಿಸಿಯಾಗಿದೆ. ಅವರ ತಂದೆ ಗೊಬ್ಬರದ ಅಂಗಡಿಗೆ ಹೋಗಿ, ನಮ್ಮ ಹುಡುಗ ಬರುತ್ತಾನೆ, ಅವನ ಕೈಯಲ್ಲಿ ಎರಡು ಚೀಲ ಕೊಟ್ಟು ಕಳಿಸಿ ಎಂದು ಹೇಳಿ ಹೋದರಂತೆ. ಅಂಗಡಿಗೆ ಹೊಸದಾಗಿ ಬಂದ ಗುಮಾಸ್ತ ಸಂಜೆಯವರೆಗೂ ಹುಡುಗನ ದಾರಿ ನೋಡಿದ. ಹುಡುಗ ಎದುರಿನ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಇದರಲ್ಲಿ ನಗುವಂಥದ್ದು ಏನಿದೆ ಎಂದು ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ.

ಈ ಲೆಕ್ಕದಲ್ಲಿ ನಾನೂ ತರುಣನೇ. ನನಗೆ ಐವತ್ತೆರಡು, ಅಪ್ಪನಿಗೆ ಎಂಬತ್ತು. ಹೊಲದ ಸಾತಬಾರಾ ಉತಾರೆ, ಅಂದರೆ ಪಹಣಿ, ಅಪ್ಪನ ಹೆಸರಿನಲ್ಲಿದೆ, ಹೊಲದ ಬಗ್ಗೆ ಎಲ್ಲ ವಿಚಾರಗಳೂ ಅಪ್ಪನ ತಲೆಯಲ್ಲಿವೆ, ಕೆಲಸ ಮಾತ್ರ ನನ್ನ ಪಾಲಿಗಿದೆ. ಅಲ್ಲದೆ ನನ್ನ ತಾರುಣ್ಯಕ್ಕೆ ಲಿಖಿತ ಪುರಾವೆಯೂ ಇದೆ. ಮಹಾಗಾಂವದ ತರುಣ ಶೇತಕರಿ ಮಂಡಳಕ್ಕೆ, ಅಂದರೆ ತರುಣ ರೈತರ ಸಂಘಕ್ಕೆ, ನಾನು ಅಧ್ಯಕ್ಷ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಆರಿಸಿ ಬಂದೆ. ಆ ದಿನ ಸಭೆಗೆ ಹೇಳಿದ ಹೊತ್ತಿಗೆ ಬಂದವನು ನಾನೊಬ್ಬನೇ. ಹೊಸ ಅಧ್ಯಕ್ಷನನ್ನು ಆರಿಸೋಣ ಎಂಬ ಮಾತು ಪ್ರತಿ ವರ್ಷ ಗಣಪತಿ ಹಬ್ಬದಲ್ಲಿ ಏಳುತ್ತದೆ, ಅಷ್ಟರಲ್ಲಿ ಪ್ರಸಾದ ಬರುತ್ತದೆ. ಈಗ ನಮ್ಮ ಮಂಡಳದ ಅತ್ಯಂತ ಕಿರಿಯ ಸದಸ್ಯನಿಗೆ ನಲವತ್ತೊಂದು ವರ್ಷ. ಅವನನ್ನು ನಾವು ಹುಡುಗಾಟದವನೆಂದು ಯಾವ ಜವಾಬ್ದಾರಿಯನ್ನೂ ಕೊಡದೆ ಇಟ್ಟಿದ್ದೇವೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಳದ ಫಲಕವಿದೆ, ಅದರ ಕೆಳಗೆ ನನ್ನ ಮೊಬೈಲ್ ನಂಬರ್ ಇದೆ. ಅದನ್ನು ಯಾರೋ ಫೋಟೋ ತೆಗೆದು ಎಲ್ಲಿಗೋ ಕಳಿಸಿ, ಅಲ್ಲಿಂದ ಮತ್ತೆಲ್ಲಿಗೋ ಹೋಗಿ, ಕೊನೆಗೆ ಕೋಲ್ಹಾಪುರದ ಸಾಯಲಿ ಎಂಬ ಹುಡುಗಿಯ ಕೈ ಸೇರಿತು. ಅವಳು ತರುಣ ರೈತರ ಸಮಸ್ಯೆಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಾಳೆ. ಪಾಡ್‌ಕಾಸ್ಟ್ ಎಂದರೆ ರೇಡಿಯೋ ಇದ್ದ ಹಾಗೆ, ಬೇಕಾದಾಗ ಕೇಳಬಹುದು, ಬೇಡವಾದರೆ ನಡುವೆಯೇ ನಿಲ್ಲಿಸಬಹುದು ಎಂದು ಫೋನಿನಲ್ಲಿ ತಿಳಿಸಿ ಹೇಳಿದಳು. ನನ್ನ ಮಾತನ್ನು ಯಾರಾದರೂ ಬೇಕೆಂದು ಕೇಳುವುದು ನನಗೆ ಹೊಸದು, ಹಾಗಾಗಿ ಒಪ್ಪಿಕೊಂಡೆ. ವಯಸ್ಸನ್ನು ಅವಳು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಫೋನಿನಲ್ಲಿ ನನ್ನ ದನಿ ಸಣ್ಣದಾಗಿ ಕೇಳುತ್ತದೆ ಎಂದು ಹಿಂದೆಯೂ ಒಂದಿಬ್ಬರು ಹೇಳಿದ್ದುಂಟು.

ಆಷಾಢ ಮುಗಿಯುವ ವಾರ ಸಾಯಲಿ ಎಸ್‌ಟಿ ಬಸ್ಸಿನಲ್ಲಿ ಬಂದಿಳಿದಳು. ಬೆನ್ನಿಗೆ ಚೀಲ, ಚೀಲದ ತುಂಬ ಯಂತ್ರಗಳು. ಬಾಗಿಲಲ್ಲಿ ನಿಂತಿದ್ದ ನನಗೆ ಕಾಕಾ ಎಂದು ನಮಸ್ಕಾರ ಮಾಡಿ, ಅಧ್ಯಕ್ಷರು ಮನೆಯಲ್ಲಿದ್ದಾರೆಯೇ ಎಂದು ಕೇಳಿದಳು. ನಾನೇ ಎಂದೆ. ಅವಳು ನನ್ನ ಮೀಸೆಯನ್ನು ನೋಡಿದಳು, ಅದರಲ್ಲಿ ಕಪ್ಪು ಕೂದಲು ಹುಡುಕಿದರೆ ಸಿಗುತ್ತವೆ. ಕೋಲ್ಹಾಪುರಕ್ಕೆ ವಾಪಸು ಹೋಗುವ ಬಸ್ಸು ಇನ್ನೂ ಎರಡು ಗಂಟೆ ಇರಲಿಲ್ಲ. ಕೊನೆಗೆ ಅವಳು, ತರುಣ ರೈತನ ಕಷ್ಟದಲ್ಲಿ ನಿಮಗೆ ಒಳ್ಳೆಯ ಅನುಭವ ಇರಬೇಕಲ್ಲ ಎಂದಳು. ಮೂವತ್ತು ವರ್ಷದ ಅನುಭವ ಇದೆ ಎಂದೆ. ಹಾಗಾದರೆ ನಡೆಯುತ್ತದೆ ಎಂದು ಮೈಕು ಹೊರಗೆ ತೆಗೆದಳು.

ಅಪ್ಪ ಪಡಸಾಲೆಯಲ್ಲಿ ಕೂತಿದ್ದರಿಂದ ಒಳಕೋಣೆಯಲ್ಲಿ ರೆಕಾರ್ಡಿಂಗು ಶುರುವಾಯಿತು. ಕೂಡಲೇ ನಿಂತಿತು. ಅಡುಗೆಮನೆಯಿಂದ ನನ್ನ ಹೆಂಡತಿ ಪಕ್ಕದ ಮನೆಯವಳಿಗೆ ಮೊಸರಿಗೆ ಹೆಪ್ಪು ಕೇಳುತ್ತಿದ್ದಳು, ಅದು ಪೂರ್ತಿ ಮೈಕಿನೊಳಗೆ ಬಂತು. ಅವಳ ತವರು ಇಚಲಕರಂಜಿ. ಹುಟ್ಟಿದ್ದು ಬೆಳೆದದ್ದು ಎಂಟು ಮಗ್ಗಗಳ ಶೆಡ್ಡಿನ ಪಕ್ಕದಲ್ಲಿ. ಅಲ್ಲಿ ವಿದ್ಯುತ್ ಮಗ್ಗಗಳು ಹಗಲೆಲ್ಲ ಖಟಖಟ ಹೊಡೆದುಕೊಳ್ಳುತ್ತವೆ, ಉಪ್ಪು ಕೇಳಬೇಕಾದರೂ ಕೂಗಿ ಕೇಳಬೇಕು. ನನ್ನ ಮಾವನವರ ಮನೆಯಲ್ಲಿ ಗುಟ್ಟು ಎಂಬುದು ಇಲ್ಲವೇ ಇಲ್ಲ, ಹೇಳಲು ಉಪಾಯವಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ದನಿ ಇಳಿದಿಲ್ಲ. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರು ಎಂದು ಕೈಮುಗಿದು ಬಂದೆ. ಅಪ್ಪನ ಚಿಂತೆ ಇರಲಿಲ್ಲ, ಅವರಿಗೆ ಕಿವಿ ಮಂದ.

ಆ ಧೈರ್ಯದಲ್ಲೇ ನಾನು ಕೆಟ್ಟದ್ದು. ತರುಣ ರೈತನ ಮುಖ್ಯ ಸಮಸ್ಯೆ ಏನು ಎಂದು ಸಾಯಲಿ ಕೇಳಿದಾಗ ನಾನು ಮಳೆ, ಗೊಬ್ಬರ, ಕೂಲಿ ಆಳು ಎಂದೆಲ್ಲ ಹೇಳಬೇಕಿತ್ತು, ಅದನ್ನು ಹೇಳಲೆಂದೇ ಚೀಟಿ ಬರೆದಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು, ಅಪ್ಪ. ನಮ್ಮ ಮನೆಯಲ್ಲಿ ಅಕ್ಕರೆ, ಜಗಳ ಎರಡೂ ಕನ್ನಡದಲ್ಲಿ ನಡೆಯುತ್ತವೆ. ಅರ್ಜಿ, ತಕರಾರು ಮರಾಠಿಯಲ್ಲಿ. ಸಾಯಲಿಯೊಂದಿಗೆ ಮರಾಠಿಯಲ್ಲಿ ಮಾತಾಡುತ್ತ ಹೋದಂತೆ ನನಗೆ ಬೇರೆ ಯಾರದೋ ಅಪ್ಪನ ಬಗ್ಗೆ ಹೇಳುತ್ತಿದ್ದೇನೆ ಅನ್ನಿಸಿ ಬಿಡುಬೀಸಾಗಿ ಮಾತು ಬಂತು. ಬಾವಿಯ ಪಕ್ಕದ ಹತ್ತು ಗುಂಟೆಯಲ್ಲಿ ದಸರೆಗೆ ಬರುವಂತೆ ಚೆಂಡುಹೂವು ಬೆಳೆಯಬೇಕೆಂದು ನನಗೆ ಎಷ್ಟೋ ವರ್ಷಗಳ ಆಸೆ. ನಾಲ್ಕು ಎಕರೆಯಲ್ಲಿ ಹತ್ತೇ ಗುಂಟೆ, ಉಳಿದದ್ದು ಕಬ್ಬೇ ಇರಲಿ. ನಮ್ಮಲ್ಲಿ ಮಗ ಅಪ್ಪನ ಎದುರು ನಿಂತು ಹೀಗೆ ಬೇಕು ಎಂದು ಕೇಳುವುದಿಲ್ಲ, ಅವ್ವನ ಕಡೆಯಿಂದ ಹೇಳಿ ಕಳಿಸಬೇಕು. ಹೇಳಿ ಕಳಿಸಿದ್ದೆ. ಅವ್ವ ಒಳಗೆ ಹೋಗಿ ಬಂದು, “ಹೂವು ತಿಂತೀಯೇನಂತ ಕೇಳಾಕತ್ತಾರ ನೋಡಪ್ಪಾ” ಎಂದಳು. ಮುಂದಿನ ವರ್ಷ ಮತ್ತೆ ಕೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಅವ್ವ ತೀರಿಕೊಂಡಳು. ಆಮೇಲೆ ನಮ್ಮಿಬ್ಬರ ನಡುವೆ ಮಾತು ಹೊತ್ತು ತಿರುಗುವವರು ಯಾರೂ ಉಳಿಯಲಿಲ್ಲ. ಇದನ್ನು ಹೇಳುವಾಗ ನಾನು ಬರೆದಿಟ್ಟ ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ಸಾಯಲಿ ಮೈಕನ್ನು ಇನ್ನಷ್ಟು ಹತ್ತಿರ ತಂದಳು. ತರುಣರಿಗೆ ಬಿಟ್ಟುಕೊಡಿ, ಹಿರಿಯರು ಎಲ್ಲದರಲ್ಲೂ ಕೈ ಹಾಕಬೇಡಿ ಎಂದು ನಾನು ಇಡೀ ಮಹಾರಾಷ್ಟ್ರದ ಹಿರಿಯರಿಗೆ ಕರೆ ಕೊಟ್ಟೆ.

ಹತ್ತು ದಿನದ ಮೇಲೆ ಆ ಪಾಡ್‌ಕಾಸ್ಟ್ ಹೆಂಡತಿಯ ಮೊಬೈಲಿಗೆ ಬಂತು. ನಮ್ಮಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವುದಿಲ್ಲ, ಏನಿದ್ದರೂ ಗೋಡೆಗೆ ಹೇಳುತ್ತಾಳೆ, ಮಾವ ಕೇಳಿಸಿಕೊಳ್ಳಬೇಕು. ಅಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದರು. ಅವಳು ರೊಟ್ಟಿ ಬಡಿಯುತ್ತ ಮೊಬೈಲನ್ನು ತುಂಬಿದ ಕೊಡಕ್ಕೆ ಆನಿಸಿಟ್ಟು, ಇಚಲಕರಂಜಿಯ ಅಳತೆಯಲ್ಲಿ ದನಿ ಏರಿಸಿ ಹಚ್ಚಿದಳು. ನಾನು ದನಕ್ಕೆ ಮೇವು ಹಾಕಿ ಬರುವಷ್ಟರಲ್ಲಿ ನನ್ನದೇ ದನಿ ಅಂಗಳದವರೆಗೆ ಬರುತ್ತಿತ್ತು. ಮಂದ ಕಿವಿಯವರಿಗೂ ಒಂದಕ್ಷರ ತಪ್ಪಿರಲಾರದು. ಅವಳು ಬೇಕೆಂದೇ ಮಾಡಿದಳೋ ಏನೋ ನನಗೆ ಇಂದಿಗೂ ಗೊತ್ತಿಲ್ಲ, ಕೇಳಿದರೆ ರೊಟ್ಟಿ ಸೀಯುತ್ತದೆ ಸರಿಯಿರಿ ಎನ್ನುತ್ತಾಳೆ. ನಾನು ಬಾಗಿಲ ಹೊರಗೇ ನಿಂತೆ. ಅಪ್ಪ ಪೂರ್ತಿ ಕೇಳಿದರು. ಕೈತೊಳೆದು ಬಂದು ನನ್ನ ಮುಖ ನೋಡಿದರು.

“ನಿಮ್ಮವ್ವ ಹ್ವಾದ ಮ್ಯಾಲೆ ನನಗ ಯಾರೂ ಏನೂ ಹೇಳಂಗಿಲ್ಲ” ಎಂದರು. “ನೀ ಕೇಳಿದ್ರ ನಾ ಬ್ಯಾಡ ಅಂತಿದ್ನೇನು? ಬಾವಿ ಕಡೀ ಹತ್ತು ಗುಂಟೆ ಇವತ್ತಿನಿಂದ ನಿಂದು. ನೀನ ನೋಡ್ಕೋ.”

ಮೂವತ್ತು ವರ್ಷ ಕಾದ ಮಾತು ಊಟದ ತಟ್ಟೆ ಎತ್ತುವಷ್ಟರಲ್ಲಿ ಮುಗಿದುಹೋಯಿತು. ನನಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ಅಪ್ಪನನ್ನು ಕೆಟ್ಟವರನ್ನಾಗಿ ಮಾಡಿಟ್ಟುಕೊಂಡೇ ನಾನು ಆರಾಮವಾಗಿದ್ದೆನಲ್ಲ ಎಂಬ ಯೋಚನೆಯೂ ಬಂತು, ಅದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಮರುದಿನವೇ ಸಸಿ ತರಲು ನರ್ಸರಿಗೆ ಹೋದೆ. ಹಳದಿ ಬೇಕೋ ಕೇಸರಿ ಬೇಕೋ ಎಂದು ಅಲ್ಲಿಯವನು ಕೇಳಿದ. ಇಂಥ ಪ್ರಶ್ನೆಯನ್ನು ನನಗೆ ಹಿಂದೆ ಯಾರೂ ಕೇಳಿರಲಿಲ್ಲ. ಬಹಳ ಹೊತ್ತು ನಿಂತು, ಎರಡನ್ನೂ ಅರ್ಧರ್ಧ ತಂದೆ.

ನಿಜವಾದ ತೊಂದರೆ ಆಮೇಲೆ ಬಂತು. ಯಾವಾಗ ನೆಡಬೇಕು? ತಡವಾದರೆ ದಸರೆ ಮುಗಿದ ಮೇಲೆ ಹೂವು ಅರಳುತ್ತದೆ, ಆಗ ಅದನ್ನು ಯಾರೂ ಕೇಳುವುದಿಲ್ಲ, ಬದುವಿಗೆ ಸುರಿಯಬೇಕು. ಈಗಲೇ ನೆಟ್ಟು ಮಳೆ ಜೋರಾದರೆ ಸಸಿ ಕೊಳೆಯುತ್ತದೆ. ಪಡುವಣ ಆಕಾಶ ನೋಡಿ ಮಳೆ ಯಾವಾಗ ಬಿಡುವು ಕೊಡುತ್ತದೆಂದು ಹೇಳುವವರು ನಮ್ಮ ಓಣಿಯಲ್ಲಿ ಅಪ್ಪ ಒಬ್ಬರೇ. ನಾನು ಸಸಿಯ ಟ್ರೇಗಳನ್ನು ಅವರು ಕೂರುವ ಕಟ್ಟೆಯ ಮೇಲೆಯೇ ಜೋಡಿಸಿಟ್ಟೆ. ಅವರು ಅವನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿ ಎಲೆಯಡಿಕೆ ಚೀಲ ಇಟ್ಟುಕೊಂಡರು. ಅವರಿಗೆ ಕೇಳುವಂತೆ ಮಳೆಯ ಬಗ್ಗೆ ನನ್ನಷ್ಟಕ್ಕೆ ಮಾತಾಡಿಕೊಂಡೆ. ಅವರಿಗೆ ಮತ್ತೆ ಕಿವಿ ಮಂದವಾಗಿತ್ತು. ನಾಲ್ಕನೆಯ ದಿನ ಹೆಂಡತಿ ಗೋಡೆಗೆ, “ಸಸಿ ಟ್ರೇದಾಗ ಮುದುಕ ಆಗಾಕತ್ತಾವು, ಇವರು ನೋಡಿದ್ರ ಮುಹೂರ್ತ ಹುಡಕಾಕತ್ತಾರ” ಎಂದಳು. ಓಣಿಯಲ್ಲಿ ಎಲ್ಲರಿಗೂ ಕೇಳಿತು. ಆಗ ನಾನು ಜೀವಮಾನದಲ್ಲಿ ಮೊದಲ ಸಲ ಅಪ್ಪನ ಎದುರು ನೇರವಾಗಿ ನಿಂತು, ಇವತ್ತು ನೆಡಲೋ ನಾಲ್ಕು ದಿನ ಬಿಡಲೋ ಎಂದು ಕೇಳಿದೆ.

“ಅದನ್ನ ನೀನ ಠರಾವ್ ಮಾಡಬೇಕು” ಎಂದರು ಅಪ್ಪ. “ಹಿರಿಯರು ಕೈ ಹಾಕಬ್ಯಾಡ್ರಿ ಅಂತ ಅಷ್ಟ್ ಮಂದೀಗೆ ಹೇಳಿದ್ದಿ. ಭಾಳ ಚಲೋ ಹೇಳಿದ್ದಿ.”

ಅದರಲ್ಲಿ ಕೊಂಕು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಸಿಟ್ಟಿನಲ್ಲಿ ಅಂದೇ ನೆಟ್ಟೆ. ಮರುದಿನದಿಂದ ಮೂರು ದಿನ ಮಳೆ ಬಿಡದೆ ಹೊಡೆಯಿತು. ಕೊಡೆ ಹಿಡಿದು ಹೋಗಿ ನೋಡಿದರೆ ಕೆಳಗಿನ ಸಾಲುಗಳಲ್ಲಿ ನಿಂತ ನೀರು ಹರಿದುಹೋಗುತ್ತಿತ್ತು. ಅಪ್ಪ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಬದುವಿನಾಚೆ, ಅಂದರೆ ತಮ್ಮ ಹೊಲದ ಕಡೆ ನಿಂತು, ಗುದ್ದಲಿಯಿಂದ ಕಾಲುವೆ ತೆಗೆಯುತ್ತಿದ್ದರು. ನನ್ನ ಹತ್ತು ಗುಂಟೆಯೊಳಗೆ ಕಾಲಿಟ್ಟಿರಲಿಲ್ಲ. ಮುಕ್ಕಾಲು ಭಾಗ ಸಸಿ ಉಳಿಯಿತು. ಅವರು ನನ್ನನ್ನು ನೋಡಿ ಗುದ್ದಲಿ ಹೆಗಲಿಗೇರಿಸಿ ಮನೆಗೆ ನಡೆದರು.

ಮೊನ್ನೆ ಸಾಯಲಿ ಫೋನ್ ಮಾಡಿದ್ದಳು. ನನ್ನ ಮಾತನ್ನು ಬಹಳ ಜನ ಕೇಳಿದ್ದಾರಂತೆ, ಎರಡನೆಯ ಭಾಗ ಬೇಕೆನ್ನುತ್ತಿದ್ದಾರಂತೆ. ಈಗ ನಿಮ್ಮ ಮುಖ್ಯ ಸಮಸ್ಯೆ ಏನು ಎಂದು ಕೇಳಿದಳು. ಇಂದಿನ ಹಿರಿಯರು ತರುಣರಿಗೆ ಯಾವ ಮಾರ್ಗದರ್ಶನವನ್ನೂ ಮಾಡುವುದಿಲ್ಲ, ಎಲ್ಲವನ್ನೂ ನಮ್ಮ ತಲೆಗೆ ಕಟ್ಟಿ ಸುಮ್ಮನೆ ಕೂರುತ್ತಾರೆ, ಹೀಗಾದರೆ ಒಕ್ಕಲುತನ ಉಳಿಯುವುದು ಹೇಗೆ ಎಂದು ಇಪ್ಪತ್ತು ನಿಮಿಷ ಹೇಳಿದೆ. ಕಾಲುವೆಯ ವಿಷಯ ಹೇಳಲಿಲ್ಲ, ಕಾಲುವೆ ತೆಗೆಯುವುದು ಬೇರೆ, ಮಾರ್ಗದರ್ಶನ ಬೇರೆ. ಇದು ಹೊಸ ವಿಚಾರ, ಇಲ್ಲಿಯವರೆಗೆ ಯಾರೂ ಹೇಳಿಲ್ಲ ಎಂದು ಸಾಯಲಿಗೆ ಉಮೇದು ಬಂತು. ರೆಕಾರ್ಡ್ ಮಾಡಲು ಯಾವಾಗ ಬರಲಿ ಎಂದಳು.

ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ.