ಹಗಲಿಗೆ ಅರ್ಧ, ರಾತ್ರಿಗೆ ಪೂರ್ತಿ

"ಹಗಲಿನ ನೀರು ಅರ್ಧ ಮಾಡಿಬಿಟ್ಟೆ ಮಗಳೇ. ಕೂಗಾಡುವವರು ಕೂಗಾಡಲಿ. ರಾತ್ರಿ ಆಂಬ್ಯುಲೆನ್ಸ್ ಮಾತ್ರ ಪೂರ್ತಿ ಓಡ್ಬೇಕು!"

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಫೋನಿನಲ್ಲಿ ಗಟ್ಟಿಯಾಗಿ ಆಡಿದ ಈ ಮಾತೇ ಪುಂಡರೀಕಾಕ್ಷ ರಾಯರ ಕುತ್ತಿಗೆಗೆ ಬಂತು.

ಆಚೆ ತುದಿಯಲ್ಲಿದ್ದವಳು ಖಾರಘರದಲ್ಲಿರುವ ಮಗಳು ನಿಶ್ಮಿತಾ. ಅಮ್ಮ ಜಯಲತಾ ತೀರಿಕೊಂಡ ಮೇಲೆ ಅಪ್ಪ ಗೋಡೆ ನೋಡುತ್ತ ಕೂರುವುದನ್ನು ಕಂಡು, ಅವಳೇ ಟ್ಯಾಬಿನಲ್ಲಿ ನಗರ ಕಟ್ಟುವ ಆಟವೊಂದನ್ನು ಹಾಕಿಕೊಟ್ಟಿದ್ದಳು. ರಸ್ತೆ ಹಾಕಿದರೆ ಮನೆ ಏಳುತ್ತವೆ, ಜನ ಬಂದು ತುಂಬುತ್ತಾರೆ. ನೀರು, ಕಸ, ಆಸ್ಪತ್ರೆ ಎಲ್ಲದಕ್ಕೂ ಎರಡೆರಡು ಬಜೆಟ್ಟು. ಸೂರ್ಯನ ಚಿತ್ರವಿದ್ದದ್ದು ಹಗಲಿಗೆ, ಚಂದ್ರನದು ರಾತ್ರಿಗೆ. ಬೆರಳಿನಲ್ಲಿ ಎಳೆದರೆ ಹೆಚ್ಚು, ಕಡಿಮೆ. ಬುದ್ಧಿವಂತರು ರಾತ್ರಿಯದನ್ನು ಇಳಿಸಿ ದುಡ್ಡು ಉಳಿಸುತ್ತಾರಂತೆ. ರಾಯರದು ಉಲ್ಟಾ. ಜಯಲತಾ ಹೋದದ್ದು ರಾತ್ರಿ. ಆಂಬ್ಯುಲೆನ್ಸಿನವರು ಸ್ಟ್ರೆಚರ್ ಹೊತ್ತು ಮೂರನೇ ಮಾಳಿಗೆ ಹತ್ತುವಾಗ ಅವಳ ಕೈ ತಣ್ಣಗಾಗಿತ್ತು. ರಾತ್ರಿ ಗಾಡಿ ಕಮ್ಮಿ, ಜನ ಕಮ್ಮಿ, ಅದಕ್ಕೇ ತಡವಾಯಿತೆಂದು ರಾಯರು ನಂಬಿದ್ದರು. ತಾವು ಕಟ್ಟಿದ ಊರಿನಲ್ಲಾದರೂ ಹಾಗಾಗಬಾರದೆಂದು ಹಟ ಹಿಡಿದಿದ್ದರು.

ಈ ಆಟದ ವಿಷಯ ಗೊತ್ತಿಲ್ಲದ ಎದುರು ಮನೆಯ ಪ್ರಿಯಂವದಾ ಆಗ ಹಾಲಿನ ಪ್ಯಾಕೆಟ್ ತೆಗೆಯಲು ಬಗ್ಗಿದ್ದರು. ರಾಯರು ಹಿಂದೆ ಪಾಲಿಕೆಯ ಇಂಜಿನಿಯರರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಟೈಪಿಸ್ಟ್ ಎಂಬುದು ಎಲ್ಲರಿಗೂ ಮರೆತುಹೋಗಿ, ಇಂಜಿನಿಯರ್ ಎಂಬುದಷ್ಟೇ ಉಳಿದಿತ್ತು. ಪ್ರಿಯಂವದಾ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಸುದ್ದಿ ಗೇಟು ಮುಟ್ಟಿತು.

ಬಿಲ್ಡಿಂಗಿನ ನಲ್ಲಿಗಳೆಲ್ಲ ಒಟ್ಟಿಗೆ ತೆರೆದವು. ಬಕೆಟ್ಟು, ಡ್ರಮ್ಮು ಮುಗಿದ ಮೇಲೆ ಪ್ರಿಯಂವದಾ ಇಡ್ಲಿ ಪಾತ್ರೆಯಲ್ಲೂ ಹೂದಾನಿಯಲ್ಲೂ ನೀರು ಹಿಡಿದರು. ಒಂದನೇ ಮಾಳಿಗೆಯ ಸಂಗಮೇಶ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಡ್ಯೂಟಿಗೆ ಹೋಗುವುದು ಬಿಟ್ಟು ತನ್ನ ಹೆಲ್ಮೆಟ್ಟನ್ನೂ ತುಂಬಿಸಿದ. ಸ್ವಲ್ಪ ಹೊತ್ತಿಗೆ ನಲ್ಲಿಗಳು ಹಳೇ ಗೂರಲು ರೋಗಿಗಳ ಹಾಗೆ ಕೆಮ್ಮಿ ಸುಮ್ಮನಾದವು. ಮೇಲಿನ ಟ್ಯಾಂಕು ಖಾಲಿ.

"ನೋಡಿದಿರಾ? ರಾಯರು ಹೇಳಿದ್ದು ನಿಜ!" ಅಂದರು ಎಲ್ಲರೂ.

ಬೆಲ್ ಆಯಿತು. ಬಾಗಿಲಲ್ಲಿ ಸೊಸೈಟಿಯ ಸೆಕ್ರೆಟರಿ ಹಿತೇಶ, ಅವನ ಬೆನ್ನಿಗೆ ಇಡೀ ಬಿಲ್ಡಿಂಗು.

"ಅಂಕಲ್, ನಮ್ಮದೇ ಬಿಲ್ಡಿಂಗ್‌ನಲ್ಲಿ ಇದ್ದು ನಮಗೇ ನೀರು ಕಟ್? ಯೇ ಕ್ಯಾ ಬಾತ್ ಹುಯೀ?"

"ನಾನಾ? ನೀರಾ? ಅದು ಆಟ ಮಾರಾಯ!"

"ನಿಮಗ ಆಟ್ರೀ, ನಮಗ ಪ್ರಾಣಸಂಕಟ," ಅಂದ ಸಂಗಮೇಶ. "ದೊಡ್ಡವರು ಹಿಂಗ ಮಾಡಿದ್ರ ಹ್ಯಾಂಗ್ರೀ?"

"ಅವರು ಬಾಯಿ ಬಿಡುವುದಿಲ್ಲ, ಮೊದಲಿಂದಲೂ ಹಾಗೇ," ಎನ್ನುತ್ತ ಪ್ರಿಯಂವದಾ ಸೀದಾ ಅಡುಗೆಮನೆಗೆ ನುಗ್ಗಿ ಚಾಕ್ಕೆ ಇಟ್ಟರು. "ಜಯಕ್ಕನ ಕಪ್ಪುಗಳು ಎಲ್ಲಿ ಉಂಟಣ್ಣಾ?"

ರಾಯರು ಇನ್ನೊಮ್ಮೆ ಇಲ್ಲವೆನ್ನಬೇಕಿತ್ತು. ಆದರೆ ಜಯಲತಾಳ ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿಸಿ ಹೋದ ಮೇಲೆ ಈ ಹೊಸ್ತಿಲು ದಾಟಿದವರಿರಲಿಲ್ಲ. ಈಗ ಸೋಫಾದಲ್ಲಿ ಜನ, ಮಂಚದ ಮೇಲೆ ಜನ. ಶೋಕೇಸಿನಿಂದ ಅವಳ ನೀಲಿ ಹೂವಿನ ಕಪ್ಪುಗಳು ಇಳಿದು ಕೈಯಿಂದ ಕೈಗೆ ಹೋಗುತ್ತಿದ್ದವು. ಮನೆ ಶುಂಠಿ ಚಾದ ಪರಿಮಳದಲ್ಲಿ ಉಸಿರಾಡುತ್ತಿತ್ತು. ರಾಯರ ಬಾಯಿಂದ, "ಆಯ್ತು, ನೋಡುವಾ," ಎಂದು ಬಂದೇ ಬಿಟ್ಟಿತು.

ಅಷ್ಟೇ ಸಾಕಾಯಿತು. ಒಬ್ಬರಿಗೆ ಗಟಾರ ಸರಿಯಾಗಬೇಕು, ಇನ್ನೊಬ್ಬರಿಗೆ ಬೀದಿದೀಪ. ರಾಯರು ಕೇಳಿದವರಿಗೆಲ್ಲ ತಲೆಯಾಡಿಸಿದರು. ಕೊನೆಗೆ ಸಂಗಮೇಶ, "ಬರ್ರಿ ಸರ, ರಿಕ್ಷಾ ನಿಂತಾವ. ಪಾಲಿಕೆಗೆ ಹೋಗೂಣು, ನೀವು ಮುಂದ, ನಾವು ಹಿಂದ," ಎಂದು ಅವರ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ಚಪ್ಪಲಿ ನೋಡಿದ್ದೇ ರಾಯರಿಗೆ ಬೆವರು ಕಿತ್ತುಕೊಂಡು ಬಂತು. ಓಡಿಹೋಗಿ ಟ್ಯಾಬ್ ತಂದು ಎಲ್ಲರೆದುರು ಹಿಡಿದರು. "ನಾನು ನೀರು ಕಟ್ ಮಾಡಿದ್ದು ಈ ಊರಿಗೆ! ಬೇಕಾದರೆ ನೋಡಿ!"

ಸೂರ್ಯನ ಪಟ್ಟಿ, ಚಂದ್ರನ ಪಟ್ಟಿ, ಇರುವೆಗಳಂತೆ ಓಡಾಡುವ ಕಾರುಗಳು. ಸಂಗಮೇಶ ನಕ್ಕ. ನಗು ಬಾಗಿಲ ತನಕ ಹರಡಿತು. "ನನ್ನ ಹೂದಾನಿ!" ಎಂದು ಪ್ರಿಯಂವದಾ ತಲೆ ಚಚ್ಚಿಕೊಂಡರು. ಆಟವೆಂದು ಗೊತ್ತಾದರೂ ಯಾರೂ ಎದ್ದು ಹೋಗಲಿಲ್ಲವಲ್ಲ ಎಂದು ರಾಯರಿಗೂ ನಗು ಬಂತು.

"ನಗಬೇಡಿ, ಇಲ್ಲಿ ನೋಡಿ," ಅವರು ಉತ್ಸಾಹದಿಂದ ಹೇಳಿದರು. "ನನ್ನ ಊರಿನಲ್ಲಿ ರಾತ್ರಿ ಆಂಬ್ಯುಲೆನ್ಸ್ ಪೂರ್ತಿ. ಯಾರ ಮನೆಗೂ ತಡ ಆಗುವುದೇ ಇಲ್ಲ."

ಹಿತೇಶ ಟ್ಯಾಬಿನೊಳಗೆ ಬಗ್ಗಿದ. "ಎಲ್ಲಿ ಅಂಕಲ್? ಬಜೆಟ್ ಎಷ್ಟು ಹಾಕಿದರೇನು? ನಿಮ್ಮ ಆಂಬ್ಯುಲೆನ್ಸ್ ನೋಡಿ, ಗಲ್ಲಿ ಬಾಯಲ್ಲೇ ನಿಂತಿದೆ. ಮುಂದೆಲ್ಲ ಗಾಡಿಗಳು. ಸೇಮ್ ಅವತ್ತಿನ ಥರಾನೇ..."

ಹೇಳಿ ನಾಲಿಗೆ ಕಚ್ಚಿಕೊಂಡ.

"ಅವತ್ತು ಅಂದರೆ?"

ಸಂಗಮೇಶ ಕಿಟಕಿಯ ಕಡೆ ತಿರುಗಿದ.

"ಅವತ್ತು ಬೇಗ ಬಂದಿತ್ತಾ ಅದು?" ರಾಯರ ಧ್ವನಿ ಸಣ್ಣದಾಯಿತು. "ಹಿತೇಶಾ, ಬಂದು ಕೆಳಗೆ ನಿಂತಿತ್ತಾ?"

ಹಿತೇಶ ನೆಲ ನೋಡಿದ. "ಹಾರ್ನ್ ಹೊಡೀತಿತ್ತು ಅಂಕಲ್, ನಮ್ಮ ಗಾಡಿಗಳನ್ನ ತೆಗೀರಿ ಅಂತ. ಯಾರದ್ದೋ ಮದುವೆಯದ್ದು ಅಂದ್ಕೊಂಡು ಎಲ್ಲರೂ ಮಲಗಿಬಿಟ್ವಿ. ಆಮೇಲೆ ಅವರು ನಡೆದೇ ಬಂದ್ರು. ನಿಮಗೆ ಹೇಗೆ ಹೇಳೋದು..."

ಪ್ರಿಯಂವದಾರಿಗೆ ಗ್ಯಾಸಿನ ಮೇಲಿಟ್ಟ ಕುಕ್ಕರ್ ನೆನಪಾಯಿತು. ಸಂಗಮೇಶನಿಗೆ ಮಾರ್ಕೆಟ್ ನೆನಪಾಯಿತು. ಒಬ್ಬೊಬ್ಬರೇ ಕಪ್ಪು ಕೆಳಗಿಟ್ಟು, ಚಪ್ಪಲಿ ಸದ್ದಾಗದಂತೆ ಇಳಿದುಹೋದರು. ರಾಯರು ಅಲ್ಲೇ ಕುಳಿತರು. ಇಷ್ಟು ದಿನ ಕಾಣದ ಆಸ್ಪತ್ರೆಯವರನ್ನು ಬೈದದ್ದು ಎಷ್ಟು ಸುಲಭವಿತ್ತು! ಈಗ ಬೈಯಬೇಕಾದವರೆಲ್ಲ ಜಯಲತಾಳ ಕಪ್ಪಿನಲ್ಲಿ ಚಾ ಕುಡಿದು ಹೋಗಿದ್ದರು.

ಸಂಜೆ ಕೆಳಗೆ ಗಾಡಿಗಳು ಸ್ಟಾರ್ಟ್ ಆಗುವ ಸದ್ದು ಕೇಳಿ ರಾಯರು ಕಿಟಕಿಗೆ ಬಂದರು. ಒಂದರ ಹಿಂದೊಂದು ಎಲ್ಲ ಹೊರಟವು. ಗಲ್ಲಿ ಅಂಗಳದಂತೆ ಖಾಲಿಯಾಯಿತು. ಇಷ್ಟು ಅಗಲ ಇತ್ತೇ ಇದು! ಮನುಷ್ಯರು ಕೆಟ್ಟವರಲ್ಲ, ಹೇಳುವವರು ಬೇಕಿತ್ತು ಅಷ್ಟೇ ಎಂದುಕೊಂಡು ಕಣ್ಣೊರೆಸಿಕೊಂಡರು.

ಸ್ವಲ್ಪ ಹೊತ್ತಿನಲ್ಲಿ ಹಿತೇಶನ ಕಾರು ತಿರುಗಿ ಬಂತು. ಊರೆಲ್ಲ ಸುತ್ತಿದರೂ ನಿಲ್ಲಿಸಲು ಜಾಗ ಸಿಕ್ಕಿರಲಿಲ್ಲ. ಮೊದಲಿನ ಜಾಗದಲ್ಲೇ ನಿಲ್ಲಿಸಿ, ಗಾಜಿಳಿಸಿ ಮೇಲೆ ನೋಡಿ ಕೈ ಬೀಸಿದ.

"ಅಂಕಲ್, ಐದೇ ನಿಮಿಷ! ಆಮೇಲೆ ತೆಗೀತೀನಿ!"

ಅವನ ಹಿಂದೆ ಉಳಿದ ಗಾಡಿಗಳೂ ಸಾಲಾಗಿ ಒಳಗೆ ಬರುತ್ತಿದ್ದವು.